ಗುಣ್ಯಾ

"ಮಗಂದೇನು ಅಡ್ಮಿಷನ್?" ಅಂದ ಕಿಡಕಿಯೊಳಗಿನವ,
ಪೆನ್ನಿನ ಟೊಪ್ಪಿಗಿ ಹಲ್ಲಾಗ ಕಚ್ಚಿಕೊಂಡು.
"ನಂದು" ಅಂದೆ. ಹಿಂದ ನಿಂತವರು ನಕ್ಕರು.
ಅವ ನಗಲಿಲ್ಲ, ಟ್ರೇಡು ಯಾವುದಂತ ಕೇಳಿದ.
ಹೊಲಿಗಿ ಅಂತ ಬರಕೊಳ್ಳೋಕಿಂತ ಮೊದಲೇ ಹೇಳಿದೆ:
ಫಿಟ್ಟರ್.

ಶಹಾಬಾದಿನ ಸರಕಾರಿ ಐಟಿಐ. ತಗಡಿನ ಮಾಡು,
ಬೇವಿನ ಗಿಡದ ಕೆಳಗ ಸೈಕಲ್ಲುಗಳ ಗದ್ದಲ,
ಇಪ್ಪತ್ತು ಮಂದಿ ಹುಡುಗರು, ಈಗ ಈಗ ಚಿಗುರಿದ ಮೀಸಿ.
ನನಗ ಮೂವತ್ತೆರಡು.
ಮೊದಲ ದಿನ ಅಕ್ಕಾ ಅಂದರು,
ಮರುದಿನ ಮೇಡಂ ಅಂತ ಚಾಷ್ಟಿ ಮಾಡಿದರು,
ವಾರ ಕಳೆದ ಮ್ಯಾಲ ಹದಿನಾಕ ನಂಬರ ಅಂದರು.
ಅದು ಚಲೋ ಅನಿಸಿತು.

ಕೆಲಸ ಒಂದೇ: ಕಬ್ಬಿಣದ ಒಂದು ತುಂಡು
ಐವತ್ತಕ್ಕ ಐವತ್ತು ಮಿಲಿಮೀಟರಿನ ಚೌಕ ಆಗಬೇಕು.
ಅರ ಅಂತದ ಪುಸ್ತಕ, ಕಾನಸ ಅಂತಾನ ಭೀಮಾಶಂಕರ,
ಫೈಲ್ ಅಂತಾರ ಮಕಬೂಲ ಸರ್.
ಹೆಸರು ಏನರೆ ಇರಲಿ,
ಹೋಗುವಾಗ ಭಾರ ಹಾಕಬೇಕು, ಬರುವಾಗ ಹಗುರ.
"ತೊಟ್ಟಿಲ ತೂಗಿದಂಗ ತೂಗಬ್ಯಾಡ,
ತೂಗಿದರ ನಡುವ ಡುಬ್ಬ ಏಳತದ."
ತೊಟ್ಟಿಲು ತೂಗಿದ ಕೈ ಇವು.
ಮರೆಸಲಿಕ್ಕ ಎರಡು ವಾರ ಬೇಕಾತು.

ಹುಡುಗರ ಅಂಗೈಗೆ ಗುಳ್ಳಿ ಎದ್ದವು. ನನಗ ಏಳಲಿಲ್ಲ.
ಹನ್ನೊಂದು ವರ್ಷ ಫರ್ಸಿ ಪಾಲಿಶ್ ಮಷಿನ್ನಿನ ಮುಂದ
ಬಿಳೀ ರಾಡಿಯಾಗ ಮೊಣಕಾಲ ತನಕ ನಿಂತಾಕಿ ನಾನು.
ಮಷಿನ್ನು ಕೆಟ್ಟರ ಕಲಬುರಗಿಯಿಂದ ಒಬ್ಬ ಮಿಸ್ತ್ರಿ ಬರತಿದ್ದ,
ಎರಡು ಬೋಲ್ಟ್ ಬಿಗಿದು, ಒಂದು ಬೀಡಿ ಸೇದಿ,
ನನ್ನ ವಾರದ ಪಗಾರದಷ್ಟು ಎಣಿಸಿಕೊಂಡು ಹೋಗತಿದ್ದ.
ಬ್ಯಾಟರಿ ಹಿಡಿಯೋದು ನನ್ನ ಪಾಲಿನ ಕೆಲಸ.
ಹಿಡಿದು ಹಿಡಿದು ನೋಡಿದೆ,
ನೋಡಿ ನೋಡಿ ಸಿಟ್ಟು ಬಂತು.

ಸರ್ ಗುಣ್ಯಾ ಕೊಟ್ಟರು. ಟ್ರೈ ಸ್ಕ್ವೇರ್ ಅನ್ನಬೇಕಂತ.
ಕಲ್ಲು ಒಡೆಯುವ ನಮ್ಮಪ್ಪನ ಚೀಲದಾಗೂ ಇದೇ ಇತ್ತು,
ಕಟಗಿಂದು, ಒಂದು ಕಿವಿ ಮುರದದ್ದು.
"ತುಂಡಿಗೆ ಹಚ್ಚು. ಕಿಡಕಿ ಕಡೆ ಎತ್ತು.
ಒಂದು ಕಣ್ಣು ಮುಚ್ಚು. ಬೆಳಕು ಕಂಡಿತೇನು?"
ಕಂಡಿತು, ಸರ್.
"ಹಂಗಾದರ ಇನ್ನೂ ಬಾಕಿ ಅದ."

ಕೂದಲೆಳಿಯಷ್ಟು ಬೆಳಕು.
ಸಾಲಿಯಾಗ ಕಲಿತ ಪದ್ಯದಾಗೆಲ್ಲ
ಬರಲಿ, ಬೆಳಕು ಬರಲಿ ಅಂತ ಕೈ ಮುಗಿದಿದ್ದೆವು.
ಇಲ್ಲಿ ಅದು ಬರಬಾರದು.
ತಿಕ್ಕಿದೆ, ಎತ್ತಿ ಹಿಡಿದೆ, ಮತ್ತ ತಿಕ್ಕಿದೆ,
ಈ ಮೂಲಿ ಮುಚ್ಚಿದರ ಆ ಮೂಲಿ ತೆರೀತು.
ಐವತ್ತು ಇದ್ದದ್ದು ನಲವತ್ತೊಂಬತ್ತಕ್ಕ ಇಳೀತು.
"ಹೋದದ್ದು ತಿರುಗಿ ಬರಂಗಿಲ್ಲ," ಅಂದರು ಸರ್.
ಹೊಸ ತುಂಡು ಕೊಟ್ಟರು,
ರಿಜಿಸ್ಟರಿನ್ಯಾಗ ಸಹಿ ಮಾಡಿಸಿಕೊಂಡು.

ಮೂರನೇ ತುಂಡು.
ಶನಿವಾರ. ಕರೆಂಟ್ ಹೋಗಿ ಲೇಥು ಸುಮ್ಮನಾಗಿದ್ದವು,
ತೌಫೀಕ್ ಡಬ್ಬಿ ಬಿಚ್ಚಿ ಹಿಂಡಿ ರೊಟ್ಟಿ ತಿನ್ನಲತ್ತಿದ್ದ.
ಗುಣ್ಯಾ ಹಚ್ಚಿ ಕಿಡಕಿಗೆ ಹಿಡಿದೆ:
ಕತ್ತಲು.
ತಿರುವಿದೆ. ಆ ಅಂಚಿಗೂ ಕತ್ತಲು.
ಇಷ್ಟು ಚಂದನ ಕತ್ತಲು ನಾನು ಕಂಡಿದ್ದಿಲ್ಲ.
ಸರ್ ಚಷ್ಮಾ ಏರಿಸಿ ನೋಡಿದರು, ಇಳಿಸಿ ನೋಡಿದರು,
ಏನೂ ಅನ್ನದ ಪಂಚ್ ತಗೊಂಡು
ಮೂಲಿಗೆ ೧೪ ಅಂತ ಹೊಡೆದರು.

ಮನಿಗೆ ಒಯ್ಯಲೇನು, ಅಂದೆ.
"ಸರಕಾರದ ಕಬ್ಬಿಣ, ಮಹಾನಂದಾ.
ಪರೀಕ್ಷಾ ಆದ ಮ್ಯಾಲ ಗುಜರಿಗೆ ಹೋಗತದ,
ಕಿಲೋ ಲೆಕ್ಕದಾಗ."

ವಾಡಿ ಕಡೆ ಹೋಗುವ ಸಂಜಿ ಪ್ಯಾಸೆಂಜರಿನ್ಯಾಗ
ಬಾಗಲಕ್ಕ ಜೋತು ನಿಂತೆ.
ಕಬ್ಬಿಣದ ಪುಡಿ ಉಗುರಿನ್ಯಾಗ ಉಳಿದಿತ್ತು,
ಅದನ್ನ ಯಾವ ರಿಜಿಸ್ಟರೂ ಬರಕೊಂಡಿದ್ದಿಲ್ಲ.

ಮನಿ ಮುಟ್ಟಿದಾಗ ಸಮರ್ಥ
ಒಳಗಿಂದ ಚಿಲಕ ಹಾಕಿಕೊಂಡು ಮಗ್ಗಿ ಓದಲತ್ತಿದ್ದ.
ನಮ್ಮ ಬಾಗಿಲಿಗೆ ಮೂರೂ ಕಡೆ ಬೆಳಕು,
ಮ್ಯಾಲಂತೂ ಬೆರಳು ತೂರುವಷ್ಟು.
ಒಂದು ಕಣ್ಣು ಮುಚ್ಚಿ ನಿಂತೆ.
"ಯಾರು?" ಅಂದ.
ತಡಿಯೋ, ಅಂದೆ,
ನೋಡಲತ್ತೀನಿ.