ಎರಡಿಂಚು ಇಲ್ಲದ ಟೇಪು

ಅಂಚೆ ಕಚೇರಿಗೆ ವರ್ಗವಾಗಿ ಶಿಡ್ಲಘಟ್ಟಕ್ಕೆ ಬಂದ ಹೊಸತರಲ್ಲಿ
ಒಬ್ಬಳೇ ನಗುತ್ತಿದ್ದೆ:
ಮಾರುಕಟ್ಟೆಯ ಜಾಲರಿ ತುಂಬ ಬಿಳಿ ಗೂಡು,
ಓಣಿ ಓಣಿಯಲ್ಲೂ ಕುದಿವ ನೀರು, ತಿರುಗುವ ರಾಟೆ, ಬೆಂದ ಹುಳದ ವಾಸನೆ,
ಗಾವುದಗಟ್ಟಲೆ ಎಳೆ ದಿನವೂ ಈ ಊರು ಬಿಟ್ಟು ಹೋಗುತ್ತದೆ,
ನನಗೆ ಬೇಕಾದ ಒಂದೇ ಒಂದು ರೀಲು
ಬದನೆಕಾಯಿ ಬಣ್ಣದ ದಾರ
ಇಲ್ಲ.

ಮೂರು ಅಂಗಡಿ ತಿರುಗಿದೆ.
ಒಂದರಲ್ಲಿ ನೇರಳೆ ಕೊಟ್ಟರು. ಇನ್ನೊಂದರಲ್ಲಿ ಕಂದು ಕೊಟ್ಟು
"ಒಳಗಡೆ ಯಾರಿಗೆ ಕಾಣ್ತದೆ?" ಅಂದರು.
ನನಗೆ ಕಾಣುತ್ತದಲ್ಲ ಸ್ವಾಮಿ,
ತೊಡುವಾಗ ಒಮ್ಮೆ, ಬಿಚ್ಚುವಾಗ ಒಮ್ಮೆ.

ನಾಲ್ಕನೆಯದು
ಮೊಟ್ಟೆ ಮಂಡಿಗೂ ಬೀಗ ರಿಪೇರಿಯವನಿಗೂ ನಡುವೆ
ಬಾಗಿಲಷ್ಟೇ ಅಗಲದ ಅಂಗಡಿ.
ಹಾರ್ಲಿಕ್ಸ್ ಬಾಟಲಿಗಳಲ್ಲಿ ಹುಕ್ಕು, ಟಿಚ್ ಬಟನ್ನು,
ಗೋಡೆಗೆ ಸುತ್ತಿಟ್ಟ ಕ್ಯಾನ್ವಾಸು, ಸೂಜಿ ಹನ್ನೊಂದು, ಹದಿನಾಲ್ಕು, ಹದಿನಾರು.
"ಏಂ ಕಾವಾಲಮ್ಮಾ" ಎಂದ ಆದಿನಾರಾಯಣ ಶೆಟ್ಟರು
ನನ್ನ ಬಟ್ಟೆ ತುಂಡು ಕಸಿದುಕೊಂಡು ಬೀದಿಗಿಳಿದರು,
ಬಿಸಿಲಿಗೆ ಹಿಡಿದು, ರೀಲಿನಿಂದ ಒಂದೆಳೆ ಎಳೆದು ಮೇಲೆ ಹಾಸಿದರು.
"ಟ್ಯೂಬ್‌ಲೈಟು ಸುಳ್ಳು ಹೇಳ್ತದೆ."
ಎಳೆ ಬಟ್ಟೆಯೊಳಗೆ ಮಾಯವಾಯಿತು.

"ಹೊಲಿಯೋದು ಗಿರಾಕಿಗಾ, ಮನೆಗಾ?"
ನನಗೇ, ಅಂದೆ. ಹೇಳುವಾಗ ಯಾಕೋ ನಾಚಿಕೆ.
"ಹಂಗಾದ್ರೆ ಮಂಗಳವಾರ ಆರರ ಮೇಲೆ ಅಟ್ಟ ಹತ್ತಿ.
ನಿಮ್ಮಂಥೋರು ಮೂರು ಜನ ಇದಾರೆ."

ಅಟ್ಟದಲ್ಲಿ, ಆ ಸುಳ್ಳುಗಾರ ಟ್ಯೂಬ್‌ಲೈಟಿನ ಕೆಳಗೆ
ಅಂಗನವಾಡಿಯ ವೆಂಕಟರವಣಮ್ಮ, ಮಂಡಿಯೂರಿ
ಹೋದ ವರ್ಷದ ಕ್ಯಾಲೆಂಡರು ಕತ್ತರಿಸಿ ಮಾದರಿ ಮಾಡುತ್ತಿದ್ದಳು:
ಬೆನ್ನಿಗೆ ಏಕಾದಶಿ, ಕಂಕುಳಿಗೆ ಅಮಾವಾಸ್ಯೆ.
ಕೋಮಲವಲ್ಲಿ ಎಲ್ಲಕ್ಕೂ ಜೇಬು ಇಡುವವಳು,
ಲಂಗಕ್ಕೂ ಜೇಬು, ನೈಟಿಗೆ ಎರಡು,
"ಏನಿಡ್ತೀರಿ?" ಅಂದರೆ "ಕೈ" ಅಂದಳು.
ಜಬೀನ್ ಫಿಲೇಚರಿನಿಂದ ನೇರ ಬಂದವಳು,
ಬಿಸಿನೀರಿಗೆ ಅದ್ದಿ ಅದ್ದಿ ಬೆರಳ ಗೆರೆಯೇ ಅಳಿಸಿದೆ;
ರೇಷನ್ ಅಂಗಡಿಯ ಯಂತ್ರಕ್ಕೆ ಅವಳ ಹೆಬ್ಬೆಟ್ಟಿನ ಗುರುತಿಲ್ಲ.
ಬಟ್ಟೆಯ ಹಾಸು ಯಾವುದು, ಹೊಕ್ಕು ಯಾವುದು,
ಕಣ್ಣು ಮುಚ್ಚಿ ಸವರಿ ಹೇಳುತ್ತಾಳೆ.

ನಾಲ್ವರಿಗೂ ಒಂದೇ ಟೇಪು.
ಅಳತೆ ತೆಗೆದರು, ನಾನೂ ತೋಳೆತ್ತಿ ನಿಂತೆ
(ಎಷ್ಟು ವರ್ಷವಾಯಿತು ಯಾರಾದರೂ ನನ್ನ ಬೆನ್ನಗಲ ಕೇಳಿ)
ಮೂವತ್ತಾರು, ಬರ್ಕೊಳ್ಳಿ.
ಮನೆಗೆ ಬಂದು, ನನ್ನ ಟೇಪು ಹಿಡಿದು, ಉಸಿರು ಬಿಗಿದು ಕತ್ತರಿಸಿದೆ.
ರಾತ್ರಿ ಹನ್ನೊಂದಕ್ಕೆ ತೊಟ್ಟು ನೋಡಿದರೆ
ರವಿಕೆಯೊಳಗೆ ಇನ್ನೊಬ್ಬಳಿಗೂ ಉಸಿರಾಡಲು ಜಾಗ.

ಮರುವಾರ ಅದನ್ನೇ ತೊಟ್ಟು ಅಟ್ಟ ಹತ್ತಿದೆ.
ನಕ್ಕರು ನೋಡಿ. ಕೆಳಗಿನಿಂದ ಶೆಟ್ಟರು ಕೆಮ್ಮುವ ತನಕ ನಕ್ಕರು.
ಟೇಪಿನ ಮೊದಲ ಎರಡಿಂಚು ಎಂದೋ ಇಸ್ತ್ರಿಪೆಟ್ಟಿಗೆ ನುಂಗಿತ್ತಂತೆ,
ಬಂದದ್ದರಲ್ಲಿ ಎರಡು ಕಳೆಯಬೇಕಂತೆ,
ಹೊಸಬರಿಗೆ ಹೇಳುವುದು ಮರೆತೇಹೋಗುತ್ತದಂತೆ.
"ನನ್ನ ಮೊದಲನೆಯದು ಇನ್ನೂ ಐತೆ,
ಬಸುರಿಯಾದಾಗ ಸರಿಹೋಯ್ತು" ಅಂದಳು ವೆಂಕಟರವಣಮ್ಮ.

ಜಬೀನ್ ಮಾತಾಡಲಿಲ್ಲ. ಪಕ್ಕದ ಹೊಲಿಗೆಗೆ ಸೂಜಿಮೊನೆ ಇಟ್ಟು
ಒಂದು ತುದಿ ಎಬ್ಬಿಸಿ
ಗೂಡಿನಿಂದ ಎಳೆ ಕರೆವಂತೆ ಕರೆದಳು.
ಕಂಕುಳಿನಿಂದ ಸೊಂಟದವರೆಗೆ, ಎಲ್ಲೂ ಹರಿಯದೆ,
ಬದನೆ ಬಣ್ಣದ ದಾರ ಹಿಂದಿರುಗಿ ಬಂತು,
ಸ್ವಲ್ಪ ಸೊಟ್ಟಸೊಟ್ಟ, ಹೊಲಿಗೆಯ ನೆನಪು ಇನ್ನೂ ಬಿಡದೆ.
ಬೆಂಕಿಪೊಟ್ಟಣಕ್ಕೆ ಸುತ್ತಿ ನನ್ನ ಕೈಗಿಟ್ಟಳು.

ಇಳಿದು ಹೋಗುವಾಗ ಶೆಟ್ಟರು ಗಾಜಿನ ಮೇಲೆ
ಹಳದಿ ಹೊಸ ಟೇಪೊಂದನ್ನು ಬಿಚ್ಚಿ ಹಾಸಿದ್ದರು,
ಒಂದರಿಂದ ಅರವತ್ತು, ಪೂರ್ತಿ.
"ಹದಿನೈದೇ ರೂಪಾಯಿ."
ಕೋಮಲವಲ್ಲಿ ಜೇಬಿಗೆ ಕೈ ಹಾಕಿ ಚಪ್ಪಲಿ ಹುಡುಕಿದಳು,
ನಾನು ಗುಂಡಿಯ ಬೆಲೆ ಕೇಳಿದೆ.