ಪಟ್ಟಿಯಲ್ಲಿಲ್ಲದ ದ್ರವ

ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು
ಇಲ್ಲಿ ಯಾರೂ ಯಾರಿಗೂ ಕಲಿಸಬೇಕಿಲ್ಲ.
ಕುತೈಸಿಯ ವಿಮಾನ ನಿಲ್ದಾಣ, ಎರಡನೇ ಸಾಲು.
ಹನ್ನೊಂದು ವರ್ಷದಿಂದ
ಬಾಟಲಿ ಎತ್ತಿ ಬೆಳಕಿಗೆ ಹಿಡಿಯುವುದೇ ನನ್ನ ಕಸುಬು.
ನೂರು ಎಂ.ಎಲ್. ದಾಟಿತೋ, ಡಬ್ಬಿಗೆ.
ವೈನು, ಜೇನು, ಗುಲಾಬಿ ಎಸಳಿನ ಪಾಕ,
ಯಾರದೋ ಮದುವೆಯಲ್ಲಿ ಉಳಿದ ದ್ರಾಕ್ಷಿಯ ಭಟ್ಟಿ ಸಾರಾಯಿ.
ಸಂಜೆ ಆ ಡಬ್ಬಿ ಎಳೆಯುವಾಗ
ಒಳಗೊಂದು ಕೆರೆ ತುಳುಕುತ್ತಿತ್ತು.

ಹೋದ ತಿಂಗಳು ಯಂತ್ರ ಬಂತು.
ರೊಟ್ಟಿ ಪೆಟ್ಟಿಗೆಯಷ್ಟೇ ಗಾತ್ರ.
ಬಾಟಲಿ ಇಟ್ಟು ಬಾಗಿಲು ಹಾಕಿದರೆ
ಮುಚ್ಚಳ ತೆಗೆಯದೆ, ಗಾಜಿನಾಚೆಯಿಂದಲೇ
ಒಂದು ಬೆಳಕು ಒಳಹೊಕ್ಕು
ಚದುರಿ ಹಿಂದಿರುಗುತ್ತದೆ.
ಬಂದ ಬೆಳಕಿನ ಬಣ್ಣ ನೋಡಿ ಹೇಳುತ್ತದೆ:
ಹಸಿರು, ಹೋಗು. ಕೆಂಪು, ನಿಲ್ಲು.
ಐದು ಸೆಕೆಂಡು.
ಇಷ್ಟು ವರ್ಷ ನಾನು ಎಸೆದದ್ದಕ್ಕೆಲ್ಲ
ಐದೈದು ಸೆಕೆಂಡು ಸಾಕಿತ್ತೇ ಎಂದು
ತೆಂಗಿಜ್‌ನನ್ನು ಕೇಳಿದೆ. ಅವನು ಕೈಗವಸು ಬದಲಿಸುತ್ತಿದ್ದ.

ಮಂಗಳವಾರ, ನೇಪಲ್ಸಿಗೆ ಹೊರಡುವ ನಸುಕಿನ ವಿಮಾನ.
ಸಾಲಿನಲ್ಲಿ ಬಹುಪಾಲು ಹೆಂಗಸರು,
ಅಲ್ಲಿಯ ಮುದುಕರಿಗೆ ಮೀಯಿಸಿ ಉಣಿಸಿ
ಇಲ್ಲಿಗೆ ಯೂರೋ ಕಳಿಸುವವರು.
ಮಾಖ್ವಲಾ ಎಂಬಾಕೆ, ಪಾಸ್‌ಪೋರ್ಟಿನ ಪ್ರಕಾರ ಐವತ್ತೆಂಟು,
ಪಾನಕದ ಹಳೇ ಬಾಟಲಿಯೊಂದನ್ನು ಮುಂದಿಟ್ಟಳು.
ಒಳಗೆ ಹಸಿರು, ಮಂದ, ಕದಡಿದ್ದು.
ಯಂತ್ರ ಯೋಚಿಸಿತು. ಐದು. ಹತ್ತು. ಹದಿನೈದು.
ಕೆಂಪು.
ತೆರೆಯ ಮೇಲೆ: ಪಟ್ಟಿಯಲ್ಲಿಲ್ಲ.

"ತ್ಕೆಮಾಲಿ," ಅಂದಳು, ಮಗುವಿಗೆ ಹೇಳುವಂತೆ.
ನನಗೆ ಗೊತ್ತಿಲ್ಲವೇ?
ಕಾಯಿ ಪ್ಲಮ್ಮು, ಬೆಳ್ಳುಳ್ಳಿ, ಸಬ್ಬಸಿಗೆ,
ಹಳ್ಳದ ದಂಡೆಯ ಕಾಡುಪುದೀನ,
ಮುಚ್ಚಳ ತಿರುಗುವ ಮೊದಲೇ ಮೂಗಿಗೆ ಗೊತ್ತು.
ಆದರೆ ಮೂಗು ನಿಯಮದ ಪುಸ್ತಕದಲ್ಲಿಲ್ಲ.
ಯಂತ್ರವನ್ನು ಬೈಯಲಾರೆ:
ಸುಡುವ ದ್ರವಗಳ ಗುರುತೆಲ್ಲ ಅದಕ್ಕೆ ಬಾಯಿಪಾಠ,
ನಮ್ಮ ಹಿತ್ತಲಿನದೊಂದನ್ನು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.
ಎಂದಾದರೂ ಒಂದು ದಿನ ಅದರ ಮಾತು ನಿಜವಾದೀತು.
ಆ ಒಂದು ದಿನಕ್ಕಾಗಿಯೇ
ನನಗೆ ಸಂಬಳ, ಅದಕ್ಕೆ ಕರೆಂಟು.

"ಅಲ್ಲಿಯ ಮುದುಕ ಸಪ್ಪೆ ಉಂಡು ಉಂಡು
ಮಾತೇ ಬಿಟ್ಟಿದ್ದಾನೆ," ಅಂದಳು.
ನಾನು ಕೇಳಿರಲಿಲ್ಲ.
ಕೈ ಅಡ್ಡ ಹಿಡಿಯುವಷ್ಟರಲ್ಲಿ
ಎತ್ತಿ ಒಂದು ಗುಟುಕು ಕುಡಿದಳು.
ಹಳೇ ಕಾಲದ ಪರೀಕ್ಷೆ, ಈಗ ಲೆಕ್ಕಕ್ಕಿಲ್ಲ.
ಹುಳಿಗೆ ಅವಳ ಒಂದು ಕಣ್ಣು ಮುಚ್ಚಿತು,
ಕೆನ್ನೆ ಒಳಗೆ ಹೋಯಿತು,
ಹಿಂದಿದ್ದ ನಲವತ್ತು ಜನ ಮಾತು ನಿಲ್ಲಿಸಿ
ಎಂಜಲು ನುಂಗಿದ್ದು ಕೇಳಿಸಿತು.
ನನ್ನ ಬಾಯಲ್ಲೂ ನೀರು.

ಬಾಟಲಿ ಡಬ್ಬಿಗೆ ಹೋಯಿತು.
ಅವಳು ಶಪಿಸಲಿಲ್ಲ. ಬೂಟು ಮೆಟ್ಟಿಕೊಂಡು
ತುಟಿ ಒರೆಸದೆ ನಡೆದಳು.
ಅವಳ ಹಿಂದೆ ಒಬ್ಬೊಬ್ಬರೇ ಕಮಾನಿನಡಿ ಹಾದರು,
ಬಾಯಿ ಮುಚ್ಚಿಕೊಂಡು,
ಹುಳಿಗೆ ಊರಿದ ನೀರು ತುಂಬಿಕೊಂಡು.
ಎಲ್ಲರಿಗೂ ಹಸಿರು.