ಪೋಲೆಂಡ್ ಅಂದುಂಞಿ

ದುಬೈಯಿಂದ ಮಾವ ತಂದ ಬಿಳಿ-ಕೆಂಪು ಜೆರ್ಸಿ.
ಬೆನ್ನಿನ ಹೆಸರಲ್ಲಿ ಸ್ವರವೇ ಇರಲಿಲ್ಲ, ಬರೀ ಒತ್ತಕ್ಷರ;
ಮೊಗ್ರಾಲಿನ ಮೈಕಿನವ ಎರಡು ಸಲ ತಡವರಿಸಿ
‘ಪೋಲೆಂಡ್!’ ಎಂದುಬಿಟ್ಟ.
ಆಮೇಲೆ ಹೆಂಡತಿಯೂ ಹಾಗೇ ಕರೆದಳು.

ನಾನು ಲೆಫ್ಟ್ ಬ್ಯಾಕ್.
ಹನ್ನೊಂದು ವರ್ಷ ನೋಡಿದ್ದು ಆ ಬೆನ್ನನ್ನೇ,
ಸುಣ್ಣದ ಗೆರೆಗೆ ಅಂಟಿಕೊಂಡೇ ಓಡುವುದು,
ಗೆರೆ ಮಾತ್ರ ದಾಟದ್ದು.
ಉಪ್ಪಳಕ್ಕೆ ಮುನ್ನೂರು, ಕುಂಬಳೆಗೆ ನಾನೂರು,
ತೃಕ್ಕರಿಪುರದಲ್ಲಿ ಪೊರೋಟ ಬೇರೆ.
ಕಾಸು ಕೊಟ್ಟವರ ಊರೇ ಅವನ ಊರು.

ಪಡನ್ನದ ಸೆಮಿಫೈನಲ್ಲಿನಲ್ಲಿ ಮೊಣಕಾಲು ‘ಟಕ್’ ಎಂದದ್ದು
ಗ್ಯಾಲರಿಗೆ ಕೇಳಿಸಲಿಲ್ಲ.
ನನಗೆ ಕೇಳಿಸಿತು.

ಈಗ ಬಂದ್ಯೋಡಿನಲ್ಲಿ ಮೀನಿನ ಟೆಂಪೊ.
ನಿನ್ನೆ ನನ್ನ ಬೈಕು ಮತ್ತೆ ಅವನ ಬೆನ್ನಿಗೇ ಬಂತು:
ಎಡದ ಬಿಳಿ ಗೆರೆಗೆ ಒತ್ತಿಕೊಂಡು ಹೋಗುತ್ತಿದ್ದವ
ಪಾಸ್ ಕೇಳುವವನ ಹಾಗೆ
ಕೈ ಹೊರಚಾಚಿದ.

ಬ್ರೇಕಿನ ಮೇಲಿದ್ದ ನನ್ನ ಕಾಲು
ತಾನಾಗಿ ತುಡಿಯಿತು.